ಲೈಕುನ್ ಎಳೆದ ಮೂರನೆಯ ಎಲೆ

ತಾಮ್ ಲೈಕುನ್ ಇಸ್ಪೀಟಿನ ಮೇಜಿಗೆ ಬಂದದ್ದು ಸ್ವೆಟರ್ ಕಾರ್ಖಾನೆ ಮುಚ್ಚಿದ್ದರಿಂದ. ಮಕಾವಿನ ಉತ್ತರದ ತುದಿಯಲ್ಲಿ, ಹಾಕ್ಸಾವಾನ್ ಬಡಾವಣೆಯಲ್ಲಿ, ಒಂದರ ಮೇಲೊಂದು ಕಾರ್ಖಾನೆ ಪೇರಿಸಿಟ್ಟಂಥ ಕಟ್ಟಡಗಳಿದ್ದವು. ಅಂಥದ್ದೊಂದರ ಮೇಲಿನ ಮಹಡಿಯಲ್ಲಿ ಅವಳು ಹುಡುಗಿಯಾಗಿದ್ದಾಗಿನಿಂದ ಕೊರಳಪಟ್ಟಿಗಳನ್ನು ಸ್ವೆಟರಿನ ಮೈಗೆ ಕೂಡಿಸುತ್ತ ಕೂತಿದ್ದಳು. ಒಂದು ದಿನ ಧಣಿ ಯಂತ್ರಗಳನ್ನೆಲ್ಲ ಲಾರಿಗೆ ಹೇರಿಸಿ ಗಡಿಯಾಚೆಗೆ, ಚೀನಾದ ಒಳನಾಡಿಗೆ ಸಾಗಿಸಿದ. ಕೂಲಿ ಅಲ್ಲಿ ಅಗ್ಗ. ಹೆಂಗಸರಿಗೆಲ್ಲ ಒಂದೊಂದು ಸ್ವೆಟರ್ ಕೊಟ್ಟು, "ಚಳಿಗಾಲಕ್ಕಾಗುತ್ತೆ, ಇಟ್ಕೊಳ್ಳಿ" ಅಂದ. ಲೈಕುನ್‌ಗೆ ಬಂದದ್ದರ ಕೊರಳಪಟ್ಟಿ ಸೊಟ್ಟಗಿತ್ತು. ಅದು ಅವಳು ಕೂಡಿಸಿದ್ದಲ್ಲ. ಮನೆಗೆ ತಂದು, ಬಿಚ್ಚಿ, ನೆಟ್ಟಗೆ ಮಾಡಿ ತಾಯಿಗೆ ತೊಡಿಸಿದಳು.

ಆಗ ಊರಿನಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಹೊಸ ಕ್ಯಾಸಿನೊಗಳನ್ನು ಎಬ್ಬಿಸುತ್ತಿದ್ದ ಕಾಲ. ಎಲೆ ಹಂಚುವ ಕೆಲಸ ಊರಿನವರಿಗೇ ಮೀಸಲಾಗಿತ್ತು. ಹಾಗಾಗಿ ಮೀನು ಮಾರುತ್ತಿದ್ದವಳು, ಅಂಚೆ ಗುಮಾಸ್ತ, ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ಎಲ್ಲರೂ ಎಲೆ ಹಂಚುವುದನ್ನು ಕಲಿಸುವ ಶಾಲೆಗಳ ಮುಂದೆ ಸಾಲುಗಟ್ಟಿದ್ದರು. ಮೂವತ್ತು ದಾಟಿದ, ಮದುವೆಯಾಗದ ಲೈಕುನ್ ಕೂಡ ಹೋಗಿ ಸಾಲಿನಲ್ಲಿ ನಿಂತಳು.

ತಾಯಿಗೆ ಇದು ಸರಿಬರಲಿಲ್ಲ. ತಾಯಿ ಎಳೆಯ ವಯಸ್ಸಿನಲ್ಲಿ ಟೈಪಾ ದ್ವೀಪದಲ್ಲಿ ಪಟಾಕಿ ಸುತ್ತಿದವಳು, ಆಮೇಲೆ ಸಂತೆಕಟ್ಟೆಯಲ್ಲಿ ಸೊಪ್ಪು ಮಾರಿದವಳು. ಊರಿನ ತುಂಬ ಜೂಜಿನ ಮನೆಗಳಿದ್ದರೂ ಅವುಗಳ ಬಾಗಿಲು ಹೇಗೆ ತೆರೆಯುತ್ತದೆಂದು ನೋಡಿದವಳಲ್ಲ.

"ಸೂಜಿ ಬಿಟ್ಟು ಜೂಜು ಹಿಡೀತೀಯೇನೇ?" ಎಂದಳು.

"ನಾನು ಆಡೋದಿಲ್ಲಮ್ಮ. ಹಂಚೋದು ಅಷ್ಟೆ."

"ವಿಷ ಕುಡಿಯೋದಿಲ್ಲ, ಲೋಟಕ್ಕೆ ಹುಯ್ಯೋದು ಅಷ್ಟೆ ಅನ್ನು."

ಮಾತು ಬೆಳೆಸುವುದು ಲೈಕುನ್‌ಳ ಜಾಯಮಾನವಲ್ಲ.

ಶಾಲೆಯಲ್ಲಿ ಕಲಿಸುತ್ತಿದ್ದವರು ಲೋಕ್ ಮೇಷ್ಟ್ರು. ಹಳೆಯ ಕಾಲದ ಕ್ಯಾಸಿನೊದಲ್ಲಿ ಆಯುಷ್ಯ ಸವೆಸಿದ್ದ ಮುದುಕ. ಬಾಯಲ್ಲಿ ಸದಾ ಹಲ್ಲುಕಡ್ಡಿ. ಎಂಟು ಕಟ್ಟು ಇಸ್ಪೀಟನ್ನು ಹಸಿರು ಬಟ್ಟೆಯ ಮೇಲೆ ಸುರಿದು, "ಅಕ್ಕಿ ತೊಳೆಯೋಕೆ ಬರುತ್ತಾ? ಹಾಗೇ ತೊಳೀರಿ. ನುಚ್ಚಾಗಬಾರದು" ಎನ್ನುತ್ತಿದ್ದರು. ತೊಳೆದು, ಕಟ್ಟಿ, ಕಲಸಿ, ಗಿರಾಕಿಯ ಕೈಯಲ್ಲಿ ಕತ್ತರಿಸಿ, ಉದ್ದನೆಯ ಡಬ್ಬಿಯೊಳಗೆ ಇಳಿಸುವುದು. ಮೊದಲ ಎಲೆಯನ್ನು ತಿರುಗಿಸಿ ತೋರಿಸಿ, ಅದರ ಅಂಕಿ ಎಷ್ಟೋ ಅಷ್ಟು ಎಲೆಗಳನ್ನು ಮುಖ ಕಾಣಿಸದೆ ತೆಗೆದುಹಾಕುವುದು. ಆಮೇಲೆ ಆಟ. ಆಟದ ಹೆಸರು ಬಕಾರಾ. ಒಂದು ಎಲೆ ಪ್ಲೇಯರ್ ಕಡೆಗೆ, ಒಂದು ಬ್ಯಾಂಕರ್ ಕಡೆಗೆ, ಮತ್ತೆ ಪ್ಲೇಯರ್, ಮತ್ತೆ ಬ್ಯಾಂಕರ್. ಗಿರಾಕಿಗಳು ಈ ಎರಡು ಕಡೆಗಳಲ್ಲಿ ಯಾವುದರ ಮೇಲಾದರೂ ಹಣ ಕಟ್ಟಬಹುದು. ಒಂಬತ್ತು ಎಲ್ಲಕ್ಕಿಂತ ದೊಡ್ಡದು. ಹತ್ತು, ಗುಲಾಮ, ರಾಣಿ, ರಾಜ ನಾಲ್ಕಕ್ಕೂ ಬೆಲೆ ಸೊನ್ನೆ. ಮೊತ್ತ ಹತ್ತು ಮುಟ್ಟಿದರೆ ಅಥವಾ ದಾಟಿದರೆ ಹತ್ತನ್ನು ಬಿಟ್ಟು ಉಳಿದದ್ದಷ್ಟೇ ಲೆಕ್ಕ. ಮೊದಲ ಎರಡು ಎಲೆಗೇ ಎಂಟೋ ಒಂಬತ್ತೋ ಬಂದರೆ ಆಟ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ, ಪ್ಲೇಯರ್ ಕಡೆ ಐದು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮೂರನೆಯ ಎಲೆ ಎಳೆಯಬೇಕು. ಆರು, ಏಳು ಇದ್ದರೆ ಎಳೆಯಬಾರದು.

ಇಷ್ಟರವರೆಗೆ ಯಾರಿಗಾದರೂ ಬಂದೀತು. ಕಷ್ಟವಿರುವುದು ಬ್ಯಾಂಕರ್ ಕಡೆಯ ಮೂರನೆಯ ಎಲೆಯಲ್ಲಿ. ಅದನ್ನು ಎಳೆಯಬೇಕೋ ಬೇಡವೋ ಎಂಬುದು ಬ್ಯಾಂಕರ್ ಕೈಯ ಮೊತ್ತದ ಮೇಲಷ್ಟೇ ಅಲ್ಲ, ಪ್ಲೇಯರ್ ಕಡೆಗೆ ಬಂದ ಮೂರನೆಯ ಎಲೆ ಯಾವುದೆಂಬುದರ ಮೇಲೂ ನಿಂತಿದೆ. ಮೂರಿದ್ದರೆ ಎಂಟರ ಎದುರು ಬಿಟ್ಟು ಉಳಿದೆಲ್ಲಕ್ಕೂ ಎಳೆ. ನಾಲ್ಕಿದ್ದರೆ ಎರಡರಿಂದ ಏಳರವರೆಗೆ ಎಳೆ. ಐದಿದ್ದರೆ ನಾಲ್ಕರಿಂದ ಏಳು. ಆರಿದ್ದರೆ ಆರು, ಏಳಕ್ಕೆ ಮಾತ್ರ. ಅಂಚೆ ಗುಮಾಸ್ತನಿಗೆ ಈ ಪಟ್ಟಿ ಬಾಯಿಗೆ ಬಂತು, ಕೈಗೆ ಬರಲಿಲ್ಲ. ಲೈಕುನ್ ಅದನ್ನು ಹೆಣಿಗೆಯ ಮಾದರಿಯಂತೆ ಗುನುಗಿಕೊಂಡು ಕಲಿತಳು. ಎರಡು ಕುಣಿಕೆ ಬಿಡು, ಆರು ಎತ್ತು, ಎರಡು ಬಿಡು.

"ಒಂದು ಮಾತು ತಿಳ್ಕೊಳ್ಳಿ" ಎಂದು ಲೋಕ್ ಮೇಷ್ಟ್ರು ಹೇಳುತ್ತಿದ್ದರು. "ನೀವು ಆಡ್ತಿಲ್ಲ. ಕಡೆ ಆರಿಸಿದ ಮೇಲೆ ಗಿರಾಕೀನೂ ಆಡ್ತಿಲ್ಲ. ಆಟ ತನ್ನ ಪಾಡಿಗೆ ತಾನು ಆಡ್ಕೊಳ್ಳುತ್ತೆ. ನೀವು ಬಡಿಸೋರು. ಬಡಿಸೋರು ಅಡುಗೆ ರುಚಿ ಬಗ್ಗೆ ಮಾತಾಡಬಾರದು. ಇನ್ನೊಂದು, ಮೇಲೆ ಸೂರಿನಲ್ಲಿ ಕಣ್ಣಿದೆ, ಕಿವಿಯಿಲ್ಲ. ಏನು ಮಾಡಿದ್ರೂ ಅದಕ್ಕೆ ಕಾಣೋ ಹಾಗೆ ಮಾಡಿ. ಮೂಗು ತುರಿಸಿದ್ರೂ ಮೊದಲು ಚಪ್ಪಾಳೆ ತಟ್ಟಿ, ಅಂಗೈ ತಿರುಗಿಸಿ ತೋರಿಸಿ, ಆಮೇಲೆ ತುರಿಸ್ಕೊಳ್ಳಿ."

ಇನ್ನೂ ಒಂದು ಕಟ್ಟುನಿಟ್ಟಿತ್ತು. ಹೊರಗಡೆ ಅಪರಿಚಿತರು ಯಾರಾದರೂ ಬಂದು ನಿಮ್ಮ ಮೇಜಿನ ಬಗ್ಗೆ, ನಿಮ್ಮ ಕೈಚಳಕದ ಬಗ್ಗೆ ಮಾತು ತೆಗೆದರೆ ಎದ್ದು ಬನ್ನಿ, ಮಾರನೆಯ ದಿನವೇ ಮೇಲ್ವಿಚಾರಕರಿಗೆ ತಿಳಿಸಿ. ಮೋಸಗಾರರ ಗುಂಪು ಹಾಗೇ ಶುರುಮಾಡುತ್ತದೆ. ಮೊದಲು ಹೊಗಳಿಕೆ, ಆಮೇಲೆ ಊಟ, ಆಮೇಲೆ ಒಂದು ಸಣ್ಣ ಉಪಕಾರ.

ಲೈಕುನ್‌ಗೆ ಕೆಲಸ ಸಿಕ್ಕಿತು. ವರ್ಷಗಳು ಹೋದವು. ಎಲೆ ತಂದುಕೊಡುವುದು ಡಬ್ಬಿಯೆಂದು ಎಲ್ಲರಿಗೂ ಗೊತ್ತಿದ್ದರೂ ಗಿರಾಕಿಗಳು ಬೈಯುತ್ತಿದ್ದುದು ಅವಳನ್ನೇ. ಗೆದ್ದಾಗ "ಏ ಸುಂದರೀ, ನಿನ್ನ ಕೈಗೆ ಸಕ್ಕರೆ ಹಾಕ!" ಸೋತಾಗ "ಥೂ, ಹೆಣದ ಕೈ!" ಒಬ್ಬ ಹೆಂಗಸು ಮಾತ್ರ ಪ್ರತಿ ಸಲ ಸೋತಾಗಲೂ "ಊಟ ಮಾಡಿದ್ಯೇನಮ್ಮಾ?" ಎಂದು ಕೇಳುತ್ತಿದ್ದಳು. ಬೈಗುಳಕ್ಕಿಂತ ಅದೇ ಲೈಕುನ್‌ಗೆ ಹೆಚ್ಚು ಕಸಿವಿಸಿ. ದೊಡ್ಡ ಹಣ ಕಟ್ಟಿದವರಿಗೆ ಎಲೆಯನ್ನು ತಾವೇ ತಿರುಗಿಸಿ ನೋಡುವ ಹಕ್ಕಿತ್ತು. ಅವರು ಎಲೆಯನ್ನು ಮೇಜಿಗೊತ್ತಿ, ಅಂಚನ್ನು ಕೂದಲೆಳೆಯಷ್ಟು ಮಡಚಿ, ಇಣುಕಿ, ಚುಕ್ಕೆಗಳು ಹಾರಿಹೋಗಲೆಂದು ಊದುತ್ತಿದ್ದರು. ಹಿಂದೆ ನಿಂತವರೂ "ಊದು! ಊದು!" ಎಂದು ಕೂಗುತ್ತಿದ್ದರು. ಹಾಗೆ ಹಿಂಡಿಸಿಕೊಂಡ ಎಲೆ ಇಸ್ತ್ರಿ ಕಾಣದ ಕರವಸ್ತ್ರದಂತೆ ಮುದುಡಿ ವಾಪಸ್ಸು ಬರುತ್ತಿತ್ತು.

ಲೈಕುನ್ ಮುಂದಿನ ಎಲೆ ಹಂಚುತ್ತಿದ್ದಳು. ತಪ್ಪಿಲ್ಲದೆ ಹಂಚುವವಳೆಂದು ಅವಳಿಗೆ ಹೆಸರಿತ್ತು. ಮೇಲ್ವಿಚಾರಕಿ ಔಯಾಂಗ್ ಮೇಡಂ ಹೊಸಬರಿಗೆ, "ತಾಮ್ ಕೈ ನೋಡಿ ಕಲೀರಿ, ಮುಖ ನೋಡಿ ಕಲೀಬೇಡಿ. ಗಿರಾಕಿಗಳು ಸತ್ತಮನೆಗೆ ಬಂದ್ವೇನೋ ಅಂದ್ಕೋತಾರೆ" ಎನ್ನುತ್ತಿದ್ದಳು.

ಆ ತಪ್ಪು ನಡೆದದ್ದು ಒಂದು ಮಧ್ಯಾಹ್ನ. ಚೀನಾದ ಫುಜಿಯಾನ್ ಕಡೆಯ ಕಲ್ಲುಗಣಿ ಧಣಿಯೊಬ್ಬ ಅವಳ ಮೇಜಿಗೆ ಕೂತಿದ್ದ. ದಪ್ಪ ಹೆಬ್ಬೆರಳು, ಅದರಲ್ಲಿ ಹಸಿರು ಕಲ್ಲಿನ ಉಂಗುರ. ಪ್ಲೇಯರ್ ಕಡೆಗೆ ಭಾರಿ ಹಣ ಕಟ್ಟಿದ್ದ. ಪ್ಲೇಯರ್‌ಗೆ ರಾಜ, ನಾಲ್ಕು. ಬ್ಯಾಂಕರ್‌ಗೆ ರಾಣಿ, ಮೂರು. ಪ್ಲೇಯರ್‌ನ ಮೂರನೆಯ ಎಲೆ ಹೋಯಿತು. ಧಣಿ ಅದನ್ನು ಒತ್ತಿ, ತಿರುಚಿ, ಅಂಚೆತ್ತಿ ನೋಡಿದ. ಪಕ್ಕದಲ್ಲಿ ಮೂರು ಚುಕ್ಕೆ. ಮೂರು ಚುಕ್ಕೆಯೆಂದರೆ ಆರೋ ಏಳೋ ಎಂಟೋ. ನಾಲ್ಕಕ್ಕೆ ಯಾವುದನ್ನು ಕೂಡಿಸಿದರೂ ಬರುವುದು ಸೊನ್ನೆ, ಒಂದು ಇಲ್ಲವೇ ಎರಡು. ಅವನು ಇನ್ನಷ್ಟು ಹಿಂಡಿದ, ಊದಿದ, ಕೊನೆಗೆ ಬೇಸತ್ತು ಎಲೆಯನ್ನು ಎಸೆದ. ಎಂಟು. ಪ್ಲೇಯರ್ ಮೊತ್ತ ಎರಡು.

ಮೂರರ ಎದುರು ಎಂಟು ಬಂದರೆ ಎಳೆಯಬಾರದು. ಬ್ಯಾಂಕರ್ ಗೆದ್ದಿತೆಂದು ಸಾರಿ ಮುಗಿಸಬೇಕಿತ್ತು. ಆದರೆ ಲೈಕುನ್‌ಳ ಕೈ ಡಬ್ಬಿಯ ಕಡೆ ಹೋಯಿತು, ಎಲೆಯೊಂದನ್ನು ಎಳೆದು ಬ್ಯಾಂಕರ್ ಮುಂದೆ ತಿರುಗಿಸಿ ಇಟ್ಟಿತು. ಏಳು. ಮೂರಕ್ಕೆ ಏಳು ಸೇರಿ ಸೊನ್ನೆ.

ಧಣಿ ಕುರ್ಚಿ ಬಿಟ್ಟು ಎದ್ದ. "ಸೊನ್ನೆ! ಸೊನ್ನೆ! ಎರಡಕ್ಕೆ ಗೆದ್ದೆನಪ್ಪಾ!" ಸುತ್ತಲಿದ್ದವರು ಅವನ ಬೆನ್ನು ತಟ್ಟಿದರು.

ಲೈಕುನ್ ಮುದುಡಿದ ಆ ಎಲೆಯನ್ನು ಆಗ ನೆಟ್ಟಗೆ ಮಾಡಿದಳು. ಎಂಟು ಚುಕ್ಕೆ. ಎಲೆಗಳನ್ನು ಇದ್ದಲ್ಲೇ ಬಿಟ್ಟು, ಕೈ ಎತ್ತಿ, "ಮೇಡಂ, ಇಲ್ಲಿ ಬನ್ನಿ" ಎಂದಳು.

ಔಯಾಂಗ್ ಮೇಡಂ ಬಂದಳು, ನೋಡಿದಳು, ಸೂರಿನ ಮೇಲಿನ ಕ್ಯಾಮರಾ ಕೋಣೆಗೆ ಫೋನು ಮಾಡಿದಳು. ಅಲ್ಲಿ ಚಿತ್ರವನ್ನು ಹಿಂದಕ್ಕೆ ತಿರುಗಿಸಿ ನೋಡಿದರು. ತೀರ್ಪು ಬಂತು. ಆ ಏಳು ಆಟಕ್ಕೆ ಸೇರಿದ್ದಲ್ಲ, ಬ್ಯಾಂಕರ್ ಮೊತ್ತ ಮೂರೇ, ಗೆದ್ದದ್ದು ಬ್ಯಾಂಕರ್.

"ಅದ್ಹೇಗಮ್ಮಾ?" ಧಣಿ ಮೇಜು ಗುದ್ದಿದ. "ಹೊರಗೆ ಬಂದ ಎಲೆ ವಿಧಿ ತಂದಿದ್ದು. ವಿಧೀನ ವಾಪಸ್ಸು ಡಬ್ಬಿಗೆ ಹಾಕ್ತೀರಾ?"

"ಯಜಮಾನ್ರೇ, ಇಲ್ಲಿ ವಿಧಿ ಅಂದ್ರೆ ಆ ಹಲಗೆ ಮೇಲೆ ಬರೆದಿದೆಯಲ್ಲ, ಅದೊಂದೇ" ಎಂದಳು ಔಯಾಂಗ್ ಮೇಡಂ.

ಧಣಿ ಲೈಕುನ್ ಕಡೆ ತಿರುಗಿದ. ಬೈಯುತ್ತಾನೆಂದು ಅವಳು ಕಾದಳು. ಅವನು ಬೈಯಲಿಲ್ಲ. "ಎಣಿಸೋಕೆ ಬರೋದಿಲ್ಲ ಅಂದ್ಮೇಲೆ ಮನೇಲಿ ಇರಬಾರದೇನಮ್ಮಾ?" ಎಂದು, ಅಂಗಡಿಯಲ್ಲಿ ಚಿಲ್ಲರೆ ತಪ್ಪು ಕೊಟ್ಟವಳಿಗೆ ಹೇಳುವಷ್ಟು ಮೆಲ್ಲಗೆ ಹೇಳಿ ಹೋದ.

ಅವಳನ್ನು ಮೇಜಿನಿಂದ ತೆಗೆದು ಮರುತರಬೇತಿಗೆ ಹಾಕಿದರು. ಹೊಸಬರ ಜೊತೆ ಕೂತು ಮತ್ತೆ ಪಟ್ಟಿ ಒಪ್ಪಿಸುವುದು, ಎಲೆ ಹಂಚಿ ತೋರಿಸುವುದು. ಮೂರಿದ್ದರೆ ಎಂಟರ ಎದುರು ಬಿಟ್ಟು... ಗೊತ್ತಿದ್ದದ್ದೇ. ಗೊತ್ತಿದ್ದದ್ದು ಆ ಹೊತ್ತಿನಲ್ಲಿ ಎಲ್ಲಿಗೆ ಹೋಯಿತು ಎಂಬುದೇ ಅವಳ ಕೊರಗು. ಅವಳ ಸೋದರತ್ತೆಯೊಬ್ಬಳು ಐವತ್ತಕ್ಕೆ ಮೊದಲೇ ಮರೆಗುಳಿಯಾಗಿ, ಮಕ್ಕಳ ಹೆಸರು ಕೂಡ ಹೇಳಲಾರದೆ ಸತ್ತಿದ್ದಳು. ನನಗೂ ಅದೇ ಶುರುವಾಯಿತೇ ಎಂದು ಲೈಕುನ್ ಬಾಯಿಬಿಟ್ಟು ಯಾರನ್ನೂ ಕೇಳಲಿಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು ನೋಡುತ್ತಿದ್ದಳು.

"ಏನೇ ಅದು, ಬೆಕ್ಕಿನ ಥರ ಮೇಲೆ ಕೆಳಗೆ?" ತಾಯಿ ಕೇಳಿದಳು.

"ಏನಿಲ್ಲಮ್ಮ."

"ಏನಿಲ್ಲ ಅನ್ನೋದನ್ನ ನೋಡೋಕೆ ಐದು ಮಹಡಿ ಹತ್ತಿ ಬಂದ್ಯಾ?"

ತರಬೇತಿಯ ಕೊನೆಯ ದಿನ ಅವಳು ಮೂರು ದೀಪದ ವೃತ್ತದ ಹತ್ತಿರ ಬರ್ಮಾದಿಂದ ಬಂದ ಅಜ್ಜಿಯೊಬ್ಬಳು ನಡೆಸುವ ಅಂಗಡಿಯಲ್ಲಿ ತೆಂಗಿನಹಾಲಿನ ನೂಡಲ್ಸ್ ತಿನ್ನುತ್ತಿದ್ದಳು. ಎದುರಿನ ಸ್ಟೂಲಿನಲ್ಲಿ ಒಬ್ಬ ಗಂಡಸು ಕೂತಿದ್ದ. ನಲವತ್ತರ ಆಸುಪಾಸು, ಬಿಸಿಲು ಕಾಣದ ಬಿಳಿಚು ಮುಖ. ಅವನು ಅವಳ ಕೈಯನ್ನೇ ನೋಡುತ್ತಿದ್ದ. ಲೈಕುನ್ ಚಮಚ, ಉಪ್ಪಿನ ಬಟ್ಟಲು, ಮೆಣಸಿನ ಬಟ್ಟಲನ್ನು ಒಂದೇ ಗೆರೆಗೆ ಸರಿಸಿಟ್ಟಳು. ಅವನು ಬಾಯಿಬಿಟ್ಟ.

"ನೀವು ಕಲ್ಲುಗಣಿಯವನ ಮೇಜಿನವರು ಅಲ್ವಾ?"

ಲೈಕುನ್ ಬಟ್ಟಲನ್ನು ತನ್ನತ್ತ ಎಳೆದುಕೊಂಡಳು.

"ಹೆದರಬೇಡಿ. ನಾನು ಮೇಲಿನ ಕೋಣೆಯವನು. ಅವತ್ತಿನ ಚಿತ್ರ ಹಿಂದೆ ಮುಂದೆ ಮಾಡಿ ನೋಡಿದ್ದು ನಾನೇ. ಅವನು ಎಂಟನ್ನ ಎಸೆದನಲ್ಲ, ಅದು ಅಡ್ಡಡ್ಡ ಬಿತ್ತು. ಅಂಚು ಮಡಚಿಹೋಗಿತ್ತು, ಒಂದು ಮೂಲೆ ಆ ರಾಜನ ಎಲೆ ಕೆಳಗೆ ಸೇರ್ಕೊಂಡಿತ್ತು. ಮೇಲಿಂದ ನನಗೆ ಎಂಟು ಚುಕ್ಕೆಯೂ ಕಾಣ್ತಿತ್ತು. ನೀವು ನಿಂತಿದ್ದ ಕಡೆಯಿಂದ ಆರೇ ಕಂಡಿರೋದು. ಆರು ಅಂದ್ಕೊಂಡು ಎಳೆದ್ರಿ. ಆರಾಗಿದ್ರೆ ನೀವು ಎಳೆದದ್ದು ಸರಿ."

ಅವಳು ನೂಡಲ್ಸ್ ತಿನ್ನುವ ಕಡ್ಡಿ ಕೆಳಗಿಟ್ಟಳು.

"ಎಲೆ ನೆಟ್ಟಗೆ ಮಾಡಿಟ್ಟು ಆಮೇಲೆ ಎಳೀಬೇಕಿತ್ತು. ಅದು ನಿಮ್ಮ ತಪ್ಪೇ. ಆದ್ರೆ ಲೆಕ್ಕ ಮರೆತಿರಲಿಲ್ಲ ನೀವು" ಎಂದ ಅವನು. "ಅಷ್ಟು ಹೇಳೋಣ ಅಂತ."

ಲೈಕುನ್ ಎದ್ದು, ಬಟ್ಟಲನ್ನು ಅರ್ಧಕ್ಕೇ ಬಿಟ್ಟು, ಅಜ್ಜಿಗೆ ದುಡ್ಡು ಕೊಟ್ಟು ಹೊರಟುಬಿಟ್ಟಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಎರಡು ಮಾತು ಓಡುತ್ತಿದ್ದವು. ಒಂದು, ನನಗೆ ಮರೆವಿನ ರೋಗವಿಲ್ಲ. ಇನ್ನೊಂದು, ಮೊದಲು ಹೊಗಳಿಕೆ, ಆಮೇಲೆ ಊಟ, ಆಮೇಲೆ ಒಂದು ಸಣ್ಣ ಉಪಕಾರ. ಮೇಲಿನ ಕೋಣೆಯವರು ಯಾರೆಂದು ಕೆಳಗಿನವರಿಗೆ ಗೊತ್ತಿರಬಾರದು. ಗೊತ್ತುಮಾಡಿಕೊಟ್ಟವನು ಒಂದೋ ಸುಳ್ಳುಗಾರ, ಇಲ್ಲವೇ ನಿಯಮ ಮುರಿದವನು.

ಮಾರನೆಯ ಬೆಳಗ್ಗೆ ಔಯಾಂಗ್ ಮೇಡಂ ಮುಂದೆ ನಿಂತು, ನಡೆದದ್ದನ್ನೆಲ್ಲ ಒಂದು ಮಾತೂ ಬಿಡದೆ ಹೇಳಿದಳು. ಅವನ ಮುಖ, ಅಂಗಿಯ ಬಣ್ಣ, ಕೂತ ಜಾಗ.

ಎರಡು ದಿನ ಕಳೆದು ಮೇಡಂ ಅವಳನ್ನು ಪಕ್ಕಕ್ಕೆ ಕರೆದಳು. "ಅವನು ಮೇಲಿನವನೇ ಅಂತೆ. ಮಾಕ್ ಕಾಮ್‌ಪುಯಿ ಅಂತ ಹೆಸರು. ಒಪ್ಪಿಕೊಂಡ. ಕೆಲಸದಿಂದ ತೆಗೆದ್ರು."

"ತೆಗೆದೇಬಿಟ್ರಾ?"

"ತೆಗೀದೆ ಇನ್ನೇನು? ನೀನು ಮಾಡಿದ್ದು ಸರಿ."

"ಎಲೆ ವಿಷಯ ಅವರು ಹೇಳಿದ್ದು ನಿಜಾನಾ, ಮೇಡಂ?"

"ಅದನ್ನ ಯಾರೂ ಕೇಳಲಿಲ್ಲ" ಎಂದಳು ಔಯಾಂಗ್ ಮೇಡಂ.

ಲೈಕುನ್ ಮೇಜಿಗೆ ಮರಳಿದಳು. ಒಲೆ ನೋಡಲು ಮತ್ತೆ ಮೆಟ್ಟಿಲು ಹತ್ತುವುದು ನಿಂತಿತು. ಕೈ ಮೊದಲಿನಂತೆ ನಡೆಯಿತು, ಹಿಂಡಿದ ಎಲೆಗಳನ್ನು ನೆಟ್ಟಗೆ ಮಾಡದೆ ಅವಳು ಡಬ್ಬಿ ಮುಟ್ಟುತ್ತಿರಲಿಲ್ಲ. ಮಾಡಿದ್ದು ತಪ್ಪೆಂದು ಅವಳಿಗೆ ಅನಿಸಲಿಲ್ಲ. ಸರಿಯೆಂದೂ ಅನಿಸಲಿಲ್ಲ. ಆ ಬರ್ಮಾ ಅಜ್ಜಿಯ ಅಂಗಡಿಗೆ ಮಾತ್ರ ಹೋಗಲಾಗುತ್ತಿರಲಿಲ್ಲ. ಒಮ್ಮೆ ಧೈರ್ಯಮಾಡಿ ಹೋದಾಗ ಅಜ್ಜಿಯೇ ಮಾತು ತೆಗೆದಳು. "ಅವತ್ತು ಅರ್ಧಕ್ಕೆ ಬಿಟ್ಟು ಹೋದ್ಯಲ್ಲ, ಉಪ್ಪು ಜಾಸ್ತಿಯಾಗಿತ್ತಾ?"

"ಇಲ್ಲ ಅಜ್ಜಿ. ಆ ಬಿಳೀ ಮುಖದವರು ಈಗ ಬರ್ತಾರಾ?"

"ಮಾಕ್‌ನಾ? ಅವನೀಗ ಬಿಳಿ ಎಲ್ಲಿದ್ದಾನೆ! ಸುಟ್ಟ ಬಾತುಕೋಳಿ ಆಗಿದ್ದಾನೆ. ಬರೋದು ಕಡಿಮೆ."

ಯಾಕೆ ಸುಟ್ಟ ಎಂದು ಲೈಕುನ್ ಕೇಳಲಿಲ್ಲ.

ಅದು ತಿಳಿದದ್ದು ಮರುವರ್ಷದ ಬೇಸಿಗೆಯಲ್ಲಿ. ರಜೆಯ ದಿನ ಟೈಪಾಗೆ ಹೋಗಲು ಅವಳು ಬಸ್ಸು ಹತ್ತಿದಳು, ಬಸ್ಸಿನ ಕಾರ್ಡನ್ನು ಟಿಕೆಟ್ ಪೆಟ್ಟಿಗೆಗೆ ತಾಗಿಸಿದಳು. "ಹಿಂದೆ ಹೋಗಿ, ಹಿಂದೆ ಜಾಗ ಇದೆ, ಹಿಂದೆ ಹೋಗಿ" ಎಂದು ಹಾಡಿನಂತೆ ಹೇಳುತ್ತಿದ್ದ ಡ್ರೈವರ್ ಅವಳ ಕೈ ನೋಡಿ ಸುಮ್ಮನಾದ. ಆಮೇಲೆ ತಲೆಯೆತ್ತಿ ಮುಖ ನೋಡಿದ.

"ಓ, ನೀವು!"

"ಮುಖ ನೋಡೋ ಮುಂಚೆನೇ ಗೊತ್ತಾಯ್ತಾ?" ಲೈಕುನ್ ಬಾಯಿಂದ ಬಂದದ್ದು ಅದೇ.

"ಮುಖ ನಾನ್ಯಾವತ್ತು ನೋಡಿದ್ದೆ? ಕ್ಯಾಮರಾ ಇರೋದು ಸೂರಲ್ಲಿ. ನಿಮ್ಮ ಕೈ ಗೊತ್ತು, ಬೈತಲೆ ಗೊತ್ತು. ನೂಡಲ್ಸ್ ಅಂಗಡೀಲಿ ನೋಡಿದ್ದೇ ಮೊದಲು. ಅದೂ ನೀವು ಓಡಿಹೋದ್ರಿ."

ಹಿಂದಿನಿಂದ ಸೊಪ್ಪಿನ ಚೀಲ ಹಿಡಿದ ಮುದುಕಿಯೊಬ್ಬಳು ಕೂಗಿದಳು. "ಏ ಡ್ರೈವರಪ್ಪಾ, ಸಂಬಂಧ ಆಮೇಲೆ ಕುದುರಿಸು. ಬಸ್ ಬಿಡು, ಸೊಪ್ಪು ಬಾಡ್ತಾ ಇದೆ!"

ಬಸ್ಸು ಹೊರಟಿತು. ಲೈಕುನ್ ಟೈಪಾದಲ್ಲಿ ಇಳಿಯಲಿಲ್ಲ. ಕೊಲೊಆನ್ ದ್ವೀಪದ ಕೊನೆಯ ನಿಲ್ದಾಣದವರೆಗೂ ಕೂತಳು. ಅಲ್ಲಿ ಅವನಿಗೆ ಟೀ ಕುಡಿಯುವಷ್ಟು ಬಿಡುವಿತ್ತು. ಆಲದ ಮರದ ಕೆಳಗೆ ಇಬ್ಬರೂ ನಿಂತರು. ಅಜ್ಜಿ ಹೇಳಿದಂತೆ ಅವನು ನಿಜವಾಗಿಯೂ ಕಪ್ಪಾಗಿದ್ದ. ಬಲಗೈ ಬಲುಕಪ್ಪು, ಕಿಟಕಿಯ ಕಡೆಯದು.

"ದೂರು ಕೊಟ್ಟಿದ್ದು ನಾನು" ಎಂದಳು.

"ಗೊತ್ತು. ಮೊದಲು ಒಂದಷ್ಟು ದಿನ ನಿಮ್ಮನ್ನ ಬೈದೆ. ಆಮೇಲೆ ನನ್ನನ್ನೇ ಬೈಕೊಂಡೆ. ಅಷ್ಟರಲ್ಲಿ ಬಸ್ಸಿನ ಲೈಸೆನ್ಸ್ ಪರೀಕ್ಷೆ ಬಂತು. ಬೈಯೋಕೆ ಪುರುಸೊತ್ತಾಗ್ಲಿಲ್ಲ."

"ನೀವು ಹೇಳದೇ ಇರಬಹುದಿತ್ತಲ್ಲ?"

ಕಾಮ್‌ಪುಯಿ ಟೀ ಲೋಟವನ್ನು ತಿರುಗಿಸಿದ. "ತರಬೇತಿ ಕೋಣೇಲೂ ಕ್ಯಾಮರಾ ಇದೆ. ನೀವು ಎಲೆ ಹಂಚ್ತಾ ಹಂಚ್ತಾ ಕಣ್ಣು ಒರೆಸ್ಕೊಳ್ತಿದ್ರಿ. ಒಂದೆಲೆ ತಪ್ಪಿಲ್ಲ, ಮತ್ಯಾಕೆ ಅಳ್ತಾರೆ ಇವರು ಅನ್ನಿಸ್ತು. ನೋಡ್ತಾ ಕೂರೋ ಕೆಲಸ ನೋಡಿ, ಬಾಯಿಗೆ ತುಕ್ಕು ಹಿಡಿದಿರುತ್ತೆ. ಒಂದು ಸಲ ತೆರೀತು, ಅಷ್ಟೆ."

"ನಾನು ಕ್ಷಮೆ ಕೇಳೋಕೆ ಬರ್ಲಿಲ್ಲ."

"ಕೇಳಬೇಡಿ. ನಿಮ್ಮ ಜಾಗದಲ್ಲಿದ್ರೆ ನಾನೂ ದೂರು ಕೊಡ್ತಿದ್ದೆ." ಒಂದು ಗುಟುಕು ಕುಡಿದು ಅಂದ, "ಇಲ್ಲ, ಸುಳ್ಳು ಹೇಳ್ದೆ. ಕೊಡ್ತಿರಲಿಲ್ಲ."

ಲೈಕುನ್ ನಕ್ಕಳು. ತಾನು ನಕ್ಕದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಆ ಮೇಲೆ ಅವಳ ರಜೆಯ ದಿನಗಳು ಆ ಬಸ್ಸಿನಲ್ಲಿ ಕಳೆದವು. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ಊರನ್ನು ಒಂದು ಸುತ್ತು ಹಾಕಿ ಬರುವುದು, ಕೊನೆಯ ನಿಲ್ದಾಣದಲ್ಲಿ ಮಾತಾಡುವುದು. ಮೇಲಿನ ಕೋಣೆಯಲ್ಲಿ ತಾನು ಕಂಡದ್ದನ್ನು ಅವನು ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಅವನು ಒಮ್ಮೆ ಮದುವೆಯಾಗಿ ಬಿಟ್ಟವನು. ಪಾಳಿಯ ಕೆಲಸದಲ್ಲಿ ಹೆಂಡತಿಯ ಮುಖವನ್ನೂ ಸರಿಯಾಗಿ ನೋಡಲಾಗಿರಲಿಲ್ಲವಂತೆ. ಲೈಕುನ್ ಮದುವೆಯ ಮಾತನ್ನು ತಾನೇ ಎತ್ತಿದಳು. ಆಮೇಲೆ ಔಯಾಂಗ್ ಮೇಡಂ ಬಳಿ ಹೋಗಿ, ಕೆಲಸದಿಂದ ತೆಗೆದವನನ್ನು ಮದುವೆಯಾಗಲು ಅಡ್ಡಿಯಿದೆಯೇ ಎಂದು ಕೇಳಿದಳು.

ಮೇಡಂ ಕೈಯಲ್ಲಿದ್ದ ಪಾಳಿಪಟ್ಟಿ ಕೆಳಗಿಟ್ಟಳು. "ತಾಮ್, ನೀನು ಹೆರೋ ಹೊತ್ತಲ್ಲೂ ನಿಯಮದ ಹಲಗೆ ನೋಡ್ತೀಯಾ? ಹೋಗು, ಅಡ್ಡಿ ಏನಿಲ್ಲ."

ತಾಯಿ ಮಾತ್ರ ಸುದ್ದಿ ಕೇಳಿ ಸಮಾಧಾನದಿಂದ ತಲೆಯಾಡಿಸಿದಳು. "ಬಸ್ ಡ್ರೈವರ್ರಾ? ಒಳ್ಳೇದು. ಗಂಡ ಎಲ್ಲಿಗೆ ಹೋಗ್ತಾನೆ ಅಂತ ಬಸ್ಸಿನ ಹಣೆ ಮೇಲೇ ಬರೆದಿರುತ್ತೆ."

ಮಕ್ಕಳಾಗಲಿಲ್ಲ. ಮೂವರೂ ಐದನೆಯ ಮಹಡಿಯ ಅದೇ ಮನೆಯಲ್ಲಿದ್ದರು. ಅಳಿಯನಿಗೂ ಅತ್ತೆಗೂ ಮಾತಿಗೆ ಮಾತು ಸೇರುತ್ತಿತ್ತು. ಲೈಕುನ್ ಪಾಳಿ ಮುಗಿಸಿ ಬರುವ ಹೊತ್ತಿಗೆ ಇಬ್ಬರೂ ಟಿವಿಯ ಮುಂದೆ ಜಗಳಾಡುತ್ತಿರುತ್ತಿದ್ದರು. ದೊಡ್ಡ ಚಂಡಮಾರುತ ಬಂದು ಬೀದಿಯೆಲ್ಲ ಮುಳುಗಿ, ನಲ್ಲಿ ಒಣಗಿಹೋದಾಗ, ಕಾಮ್‌ಪುಯಿ ದಿನವೂ ಬಕೆಟ್ಟುಗಳಲ್ಲಿ ನೀರು ಹೊತ್ತು ಮೇಲೇರಿದ. "ನನ್ನ ಹೊಟ್ಟೇಲಿ ಹುಟ್ಟಿದೋಳು ಒಂದು ಬಕೆಟ್ ತಂದ್ರೆ, ಇವನು ಎರಡು ತರ್ತಾನೆ" ಎಂದು ತಾಯಿ ಮಹಡಿ ಮಹಡಿಗೂ ಕೇಳುವಂತೆ ಹೇಳಿದಳು.

ಮುದುಕಿಗೆ ಎಂಬತ್ತು ದಾಟಿ ಕಾಲು ಬಿದ್ದುಹೋದ ಮೇಲೆ, ಹಾಸಿಗೆಯಲ್ಲಿ ಒರಗಿ ಕೂತು ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೇಳಿದ್ದು ಇದು. "ನೀನು ದಿನಾ ಹೋಗಿ ಅದೇನು ಮಾಡ್ತೀಯೋ, ಇಲ್ಲಿ ಮಾಡಿ ತೋರಿಸು."

ಲೈಕುನ್ ಊಟದ ಟ್ರೇ ಮೇಲೆ ಟವೆಲ್ ಹಾಸಿದಳು. ಮನೆಯಲ್ಲಿದ್ದ ಹಳೆಯ ಇಸ್ಪೀಟಿನ ಕಟ್ಟು ತಂದಳು. ತೊಳೆದಳು, ಕಲಸಿದಳು, ಅಮ್ಮನ ಕೈಯಲ್ಲಿ ಕತ್ತರಿಸಿದಳು. ಕಲ್ಲಂಗಡಿ ಬೀಜಗಳನ್ನು ಹಣವಾಗಿ ಕೊಟ್ಟಳು. ತಾಯಿ ಪ್ಲೇಯರ್ ಕಡೆಗೆ ಒಂದು ಹಿಡಿ ಬೀಜ ಕಟ್ಟಿದಳು. ಬ್ಯಾಂಕರ್ ಗೆದ್ದಿತು. ಮತ್ತೆ ಕಟ್ಟಿದಳು, ಮತ್ತೆ ಸೋತಳು.

"ಈಗ ನೀನ್ಯಾಕೆ ಅಲ್ಲಿಗೆ ಇನ್ನೊಂದು ಎಲೆ ಹಾಕಿದ್ದು?"

"ನನ್ನ ಕೈಲಿ ಏನೂ ಇಲ್ಲಮ್ಮ. ಅವರದ್ದು ನಾಲ್ಕು, ನಿನಗೆ ಬಂದ ಮೂರನೇ ಎಲೆ ಐದು. ಹಾಕಲೇಬೇಕು."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಆಟ ಇರೋದೇ ಹಾಗೆ."

"ಹೆತ್ತವಳಿಗೆ ಒಂದು ಸಲ ಹಾಕದೇ ಇದ್ರೆ ಆಟಕ್ಕೆ ಏನು ಗಂಟು ಹೋಗುತ್ತೆ?" ತಾಯಿ ಮುಂದಿನ ಎಲೆಯನ್ನು ತಾನೇ ಕಸಿದು, ಅಂಚೆತ್ತಿ ಇಣುಕಿದಳು. ಯಾರೂ ಹೇಳಿಕೊಡದೆಯೇ ಅದಕ್ಕೆ ಉಫ್ ಎಂದು ಊದಿದಳು. ಬಾಗಿಲಲ್ಲಿ ನಿಂತಿದ್ದ ಕಾಮ್‌ಪುಯಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದ. ಬೀಜವೆಲ್ಲ ಖಾಲಿಯಾದ ಮೇಲೆ ಮುದುಕಿ ಮಗಳನ್ನು ದಿಟ್ಟಿಸಿ, "ಥೂ, ಇಂಥ ದರಿದ್ರದ ಕೈ ಎಲ್ಲೂ ನೋಡಿರಲಿಲ್ಲ" ಎಂದಳು. ಎಲೆಗಳನ್ನು ಅವಳ ಕಡೆ ತಳ್ಳಿ, "ದಿನಾ ಹೀಗೇ ಅನ್ಸ್ಕೋತೀಯಾ?" ಎಂದು ಕೇಳಿದಳು.

"ಅಭ್ಯಾಸ ಆಗಿದೆ."

"ಹ್ಞೂಂ. ಇನ್ನೊಂದು ಹಿಡಿ ಬೀಜ ಕೊಡು."

ಚಳಿಗಾಲದವರೆಗೆ ಅವರಿಬ್ಬರೂ ಹೀಗೆ ಆಡಿದರು. ತಾಯಿ ಗೆದ್ದ ದಿನ ಅಕ್ಕಪಕ್ಕದವರಿಗೆಲ್ಲ ಬೀಜ ಹಂಚಿಸುತ್ತಿದ್ದಳು. ಸೋತ ದಿನ ಗಂಜಿ ಬೇಡ ಎನ್ನುತ್ತಿದ್ದಳು. ಹೊಸ ವರ್ಷಕ್ಕೆ ಸ್ವಲ್ಪ ಮುಂಚೆ ನಿದ್ದೆಯಲ್ಲೇ ಹೋದಳು.

ಅದಾದ ಮೇಲೆ ಸಾಂಕ್ರಾಮಿಕ ಬಂತು. ಗಡಿ ಮುಚ್ಚಿತು. ಗಿರಾಕಿಗಳಿಲ್ಲದ ಮೇಜುಗಳ ಹಿಂದೆ ಹಂಚುವವರು ಎಲೆಗಳನ್ನು ಕಮಾನಿನಂತೆ ಹರಡಿ, ಬಾಯಿಗೆ ಬಟ್ಟೆ ಕಟ್ಟಿ ನಿಂತರು. ಬೈಯುವವರಿಲ್ಲದೆ ಲೈಕುನ್‌ಗೆ ಹೊತ್ತು ಹೋಗುತ್ತಿರಲಿಲ್ಲ. ಮತ್ತೆ ಜನ ಬಂದಾಗ ಹೊಸ ಡಬ್ಬಿಗಳೂ ಬಂದಿದ್ದವು. ಅವು ಎಲೆಯ ಅಂಕಿಯನ್ನು ತಾವೇ ಓದುತ್ತವೆ. ಮೂರನೆಯ ಎಲೆ ಎಳೆಯಬಾರದ ಕಡೆ ಕೆಂಪು ದೀಪ ಹತ್ತಿ ಬಾಯಿ ಮುಚ್ಚಿಕೊಳ್ಳುತ್ತವೆ. ಆಮೇಲೆ ಎಳೆದರೂ ಬರುವುದಿಲ್ಲ. ಹಳಬರು ಕೆಲವರು ಇದು ತಮಗೆ ಅವಮಾನ ಎಂದರು. ಲೈಕುನ್ ಹಾಗೆನ್ನಲಿಲ್ಲ. ಮೊದಲ ದಿನ ಬೇಕೆಂದೇ ಒಮ್ಮೆ ಎಳೆದು ನೋಡಿ, ಬಿಗಿ ಸರಿಯಾಗಿದೆ ಎಂದಳು.

ಭುಜದ ನೋವು ಹೆಚ್ಚಾದ ಮೇಲೆ ಅವಳನ್ನು ಮೇಜಿನಿಂದ ಬಿಡಿಸಿ ತರಬೇತಿಗೆ ಹಾಕಿದರು. ಈ ಸಲ ಕಲಿಸುವವಳಾಗಿ. ಡಬ್ಬಿಯೇ ಲೆಕ್ಕ ಮಾಡುವಾಗ ನಾವ್ಯಾಕೆ ಬಾಯಿಪಾಠ ಮಾಡಬೇಕೆಂದು ಹುಡುಗಿಯರು ಕೇಳುತ್ತಾರೆ. "ಕರೆಂಟ್ ಹೋದ್ರೆ?" ಎನ್ನುತ್ತಾಳೆ ಅವಳು. ಕರೆಂಟ್ ಹೋದರೆ ಆಟವೇ ನಿಲ್ಲುತ್ತದೆಂದು ಅವರಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಅವರು ಬಾಯಿಪಾಠ ಮಾಡುತ್ತಾರೆ.

ಕಾಮ್‌ಪುಯಿ ಈಗ ವಿಮಾನ ನಿಲ್ದಾಣದ ಕಡೆಯ ಬಸ್ಸು ಓಡಿಸುತ್ತಾನೆ. ಮೆಟ್ಟಿಲು ಹತ್ತುವುದು ಇಬ್ಬರಿಗೂ ಕಷ್ಟವಾದ್ದರಿಂದ ಲಿಫ್ಟ್ ಇರುವ ಸರ್ಕಾರಿ ಮನೆಗೆ ಅರ್ಜಿ ಹಾಕಿದ್ದರು. ಹೋದ ಶರತ್ಕಾಲದಲ್ಲಿ ಅದು ಸಿಕ್ಕಿತು. ಹದಿನೆಂಟನೆಯ ಮಹಡಿ. ಅಡುಗೆಮನೆಯ ಕಿಟಕಿಯಿಂದ ಸೇತುವೆಯ ಒಂದು ತುಂಡು ಕಾಣುತ್ತದೆ. ಅವನ ಬಸ್ಸು ಅದರ ಮೇಲೆ ಹಾಯುವ ಹೊತ್ತಿಗೆ ಲೈಕುನ್ ಮನೆಯಲ್ಲಿದ್ದರೆ ಒಲೆಯ ಮೇಲೆ ಅನ್ನಕ್ಕೆ ನೀರಿಡುತ್ತಾಳೆ.